ಮಾರುವ ಮನೆಗೆ ಮೇಸ್ತ್ರಿ ಕರೆಸುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಮಾರಲು ಹೊರಟವರಿಗೆ ಈ ಸೂಚನೆ. ಮೇಸ್ತ್ರಿಗೆ ಅಡ್ವಾನ್ಸ್ ಕೊಡುವ ಮೊದಲೇ ಓದಿ.

ಮೊದಲು ಮಾಡಬೇಕಾದ್ದು

ಕೊಳ್ಳುವವರಿಗೆ ಬೇಕಿರುವುದು ಮನೆಯೋ ನೆಲವೋ, ತಿಳಿದುಕೊಳ್ಳಿ. ಜಯನಗರ, ಬಸವನಗುಡಿ, ರಾಜಾಜಿನಗರದಂಥ ಕಡೆ 30–40ರ ಸೈಟಿನಲ್ಲಿ ಹಳೆಯ ಒಂಟಿ ಮನೆಯಿದ್ದರೆ ಚೌಕಾಸಿ ನಡೆಯುವುದು ಸಾಮಾನ್ಯವಾಗಿ 1,200 ಚದರಡಿ ಜಾಗದ ಮೇಲೆ. ಕೊಂಡವರು ಕೆಡವಿ ಹೊಸದಾಗಿ ಕಟ್ಟಿಕೊಳ್ಳುತ್ತಾರೆ. ನಾಳೆ ಜೆಸಿಬಿ ಬಂದು ನಿಲ್ಲುವ ಗೋಡೆಗೆ ಇವತ್ತು ಪುಟ್ಟಿ ಯಾಕೆ? ನಿಮ್ಮ ಬೀದಿಯಲ್ಲಿ ಈಚೆಗೆ ಕೈಬದಲಾದ ಮನೆಗಳ ಮುಂದೆ ಒಮ್ಮೆ ನಡೆದು ಬನ್ನಿ. ಹಳೇ ಮನೆ ನಿಂತಿದೆಯೋ, ಜಲ್ಲಿ ಮರಳಿನ ರಾಶಿ ಬಿದ್ದಿದೆಯೋ? ಬ್ರೋಕರ್ ಮಾತಿಗಿಂತ ಇದನ್ನು ನಂಬಿ.

ಅಪಾರ್ಟ್‌ಮೆಂಟ್ ಆದರೆ ಲೆಕ್ಕ ಬೇರೆ. ಅಲ್ಲಿ ಕೊಂಡವರು ವಾಸಕ್ಕೇ ಬರುತ್ತಾರೆ. ಒಂದು ಕೋಟ್ ತಿಳಿಬಣ್ಣ, ಸೋರದ ನಲ್ಲಿ, ಸಲೀಸಾಗಿ ಮುಚ್ಚುವ ಬಾಗಿಲು ಸಾಕು.

ಖರ್ಚು ಮಾಡಲೇಬೇಕೆಂದರೆ ಕಾಗದಕ್ಕೆ ಮಾಡಿ. ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇದ್ದರೆ, ಅಕ್ಕತಂಗಿಯರ ಸಹಿ ಬಾಕಿಯಿದ್ದರೆ, ಇಟಾಲಿಯನ್ ಮಾರ್ಬಲ್ ಹಾಕಿದರೂ ವ್ಯವಹಾರ ಮುಗಿಯದು. ಇಸಿ ತೆಗೆಸಿ, ಆಸ್ತಿ ತೆರಿಗೆ ಕಟ್ಟಿ, ನೀರು–ಕರೆಂಟಿನ ಬಾಕಿ ತೀರಿಸಿ.

ಮಾಡಬಾರದ್ದು

ಮಾಡ್ಯುಲರ್ ಕಿಚನ್ ಹಾಕಿಸಬೇಡಿ. ನಿಮ್ಮ ರುಚಿಗೆ ಬೇರೆಯವರು ದುಡ್ಡು ಕೊಡುವುದಿಲ್ಲ.

ಕೆಂಪು ಗಾರೆ ನೆಲ ಒಡೆಸಿ ಟೈಲ್ಸ್ ಕೂರಿಸಬೇಡಿ. ಹಳೇ ಮನೆಯನ್ನು ಹಾಗೇ ಇಟ್ಟುಕೊಳ್ಳುವವರು ಅಪರೂಪಕ್ಕೆ ಬರುತ್ತಾರೆ. ಅವರು ಬರುವುದೇ ಆ ನೆಲಕ್ಕೆ, ಆ ತೇಗದ ಬಾಗಿಲಿಗೆ. ಕೆಡವುವವರಾದರೂ ಬಾಗಿಲು, ಕಿಟಕಿ, ಮಂಗಳೂರು ಹೆಂಚಿಗೆ ಬೇರೆ ಬೆಲೆಯುಂಟು. ಅದು ಯಾರಿಗೆ ಸೇರುತ್ತದೆಂದು ಕರಾರಿನಲ್ಲೇ ಬರೆಸಿ.

ತೇವ ಮುಚ್ಚಿಡಬೇಡಿ. ಬಣ್ಣ ಬಳಿದು ಬೇಸಿಗೆಯಲ್ಲಿ ತೋರಿಸಿದರೆ ಜೂನ್‌ನಲ್ಲಿ ಗೋಡೆಯೇ ಸಾಕ್ಷಿ ಹೇಳುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರ ಕಣ್ಣಿಗೆ ಬೀಳದ, ಆದರೆ ನಿಮಗೆ ಗೊತ್ತಿರುವ ಮುಖ್ಯ ದೋಷವನ್ನು ತಿಳಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳಿದೆ. ಮನೆ ನಿಲ್ಲುವಂಥದ್ದಾದರೆ ತಾರಸಿಯ ಸೋರಿಕೆ ಸರಿಮಾಡಿಸಿ. ಇಲ್ಲವಾದರೆ ಇರುವುದನ್ನು ಹೇಳಿ ಬೆಲೆ ಇಳಿಸಿ.

ನಕ್ಷೆಯಲ್ಲಿಲ್ಲದ ರೂಮು ಎಬ್ಬಿಸಬೇಡಿ. ಕೊಳ್ಳುವವರ ಬ್ಯಾಂಕು ಅದನ್ನೇ ಮೊದಲು ಹಿಡಿಯುತ್ತದೆ.

ಖರ್ಚೆಲ್ಲ ತೆರಿಗೆಯಲ್ಲಿ ವಾಪಸ್ ಬರುತ್ತದೆಂಬ ಭ್ರಮೆ ಬೇಡ. ಬಣ್ಣ, ರಿಪೇರಿಯನ್ನು ಬಂಡವಾಳ ಲಾಭದಿಂದ ಕಳೆಯಲು ಬರುವುದಿಲ್ಲ; ಕಾನೂನುಬದ್ಧವಾಗಿ ಸೇರಿಸಿದ ಅಂತಸ್ತಿನಂಥ ಕೆಲಸಕ್ಕೆ ಮಾತ್ರ ಅವಕಾಶ, ಅದೂ ಬಿಲ್ಲು ಇದ್ದರೆ. ಮೇಸ್ತ್ರಿ ಬೀಡಿಕಟ್ಟಿನ ಹಿಂದೆ ಬರೆದುಕೊಟ್ಟ ಚೀಟಿ ನಡೆಯದು.

ಅಡ್ವಾನ್ಸನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯಬೇಡಿ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು.

ಅಮೆರಿಕದಲ್ಲಿ ಕುಳಿತು ಇಲ್ಲಿನ ಮನೆ ಮಾರುವ ಮಕ್ಕಳಿಗೆ ಒಂದು ಮಾತು. 50 ಲಕ್ಷ ಮತ್ತು ಮೇಲ್ಪಟ್ಟ ಮಾರಾಟಕ್ಕೆ ಶೇ. 1 ಟಿಡಿಎಸ್ ಎಂಬುದು ಇಲ್ಲಿನ ನಿವಾಸಿಗಳಿಗೆ. ಅನಿವಾಸಿಗಳಿಗೆ ಕಡಿತ ಅದಕ್ಕಿಂತ ಬಹಳ ಹೆಚ್ಚು. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಕರಾರಿನ ಹೊತ್ತಿಗೇ ಅರ್ಜಿ ಹಾಕಿ. ಫೋನಿನಲ್ಲಿ ಪೇಂಟಿನ ಶೇಡು ಆರಿಸುವುದು ಆಮೇಲಾಗಲಿ.