ಗಣಕಕ್ಕೆ ಕನ್ನಡ ಕಲಿಸೋಣ ಬನ್ನಿ

ನಿಮ್ಮ ಶಾಲೆಯಲ್ಲಿ ಗಣಕಯಂತ್ರ ಇದೆಯೇ? ಇದ್ದರೆ ಅದರ ಪರದೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಫೈಲ್, ಎಡಿಟ್, ಸೇವ್, ಕ್ಯಾನ್ಸಲ್, ಶಟ್ ಡೌನ್ ಹೀಗೆ ಎಲ್ಲವೂ ಇಂಗ್ಲಿಷಿನಲ್ಲಿ ಇರುತ್ತವೆ. ಈ ಪದಗಳನ್ನು ನಮ್ಮಲ್ಲಿ ಅನೇಕರು ಓದುವುದೇ ಇಲ್ಲ. ಅವು ಇರುವ ಜಾಗವನ್ನು ನೆನಪಿಟ್ಟುಕೊಳ್ಳುತ್ತಾರೆ, ಅಷ್ಟೆ. "ಮೇಲಿಂದ ಮೂರನೆಯದನ್ನು ಒತ್ತು, ಆಮೇಲೆ ಎಡಗಡೆಯದನ್ನು ಒತ್ತು" ಎಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಪರದೆಯ ಮೇಲೆ ಹೊಸ ಪ್ರಶ್ನೆಯೊಂದು ಮೂಡಿತೋ, ಕೈ ಅಲ್ಲಿಗೇ ನಿಂತುಬಿಡುತ್ತದೆ.

ನಾನು ಪಾಠ ಮಾಡುತ್ತಿದ್ದ ಶಾಲೆಯೊಂದರಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಊರಿನ ಕೆರೆಗೆ ಬರುವ ಹಕ್ಕಿಗಳ ಬಗ್ಗೆ ಎರಡು ಪುಟ ಬರೆದಿದ್ದಳು. ಒಂದೊಂದೇ ಕೀಲಿ ಹುಡುಕಿ ಒತ್ತುತ್ತಾ ಬರೆಯಲು ಅವಳಿಗೆ ನಾಲ್ಕು ದಿನ ಹಿಡಿದಿತ್ತು. ಮುಚ್ಚುವಾಗ ಗಣಕವು ಇಂಗ್ಲಿಷಿನಲ್ಲಿ ಏನೋ ಕೇಳಿತು. ಕೆಳಗೆ ಮೂರು ಗುಂಡಿಗಳಿದ್ದವು. ಅವಳು ಮೊದಲನೆಯದನ್ನು ಒತ್ತಿದಳು. ಎರಡು ಪುಟವೂ ಹೋಯಿತು. "ಬರೆದದ್ದನ್ನು ಉಳಿಸದೆ ಮುಚ್ಚಲೇ?" ಎಂದು ಗಣಕ ಕೇಳಿತ್ತು. ಅದೇ ಪ್ರಶ್ನೆ ಕನ್ನಡದಲ್ಲಿ ಇದ್ದಿದ್ದರೆ ಮೂರನೇ ತರಗತಿಯ ಮಗುವೂ ಸರಿಯಾಗಿ ಉತ್ತರಿಸುತ್ತಿತ್ತು.

ಗಣಕವು ನಮ್ಮೊಡನೆ ಕನ್ನಡದಲ್ಲಿ ವ್ಯವಹರಿಸುವಂತೆ ಮಾಡಲು ಸಾಧ್ಯವೇ? ಸಾಧ್ಯ. ಅದು ಹೇಗೆಂದು ಲಿನಕ್ಸ್ ಎಂಬ ತಂತ್ರಾಂಶದ ಉದಾಹರಣೆಯಿಂದ ತಿಳಿಯೋಣ.

ಏನಿದು ಲಿನಕ್ಸ್?

ಗಣಕದ ಕೀಲಿಮಣೆ, ಪರದೆ, ಮೌಸ್ ಮುಂತಾದವನ್ನು ಕೈಯಿಂದ ಮುಟ್ಟಬಹುದು. ಇವು ಯಂತ್ರಾಂಶ. ಇವುಗಳಿಂದ ಕೆಲಸ ಮಾಡಿಸುವ ಸೂಚನೆಗಳ ಸಮೂಹವೇ ತಂತ್ರಾಂಶ. ತಂತ್ರಾಂಶಗಳಲ್ಲೆಲ್ಲ ಮುಖ್ಯವಾದುದು ಕಾರ್ಯಾಚರಣ ವ್ಯವಸ್ಥೆ. ಗಣಕಕ್ಕೆ ಜೀವ ಬಂದ ಕೂಡಲೇ ಅದು ಎಚ್ಚರಗೊಂಡು ಉಳಿದ ಎಲ್ಲ ತಂತ್ರಾಂಶಗಳಿಗೂ ಜಾಗ, ಸಮಯ ಹಂಚುತ್ತದೆ.

1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಇಂಥ ವ್ಯವಸ್ಥೆಯೊಂದರ ತಿರುಳನ್ನು ಬರೆದರು. ಆಗ ಅವರ ವಯಸ್ಸು 21. (ಫಿನ್ಲೆಂಡಿನಲ್ಲಿ ಹೆಚ್ಚು ಜನರ ಮಾತು ಫಿನ್ನಿಶ್. ಟೋರ್ವಾಲ್ಡ್ಸ್ ಅವರ ಮನೆಮಾತು ಅಲ್ಲಿನ ಅಲ್ಪಸಂಖ್ಯಾತರ ಭಾಷೆಯಾದ ಸ್ವೀಡಿಶ್.) ಆ ತಿರುಳೇ ಲಿನಕ್ಸ್. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ್ದ ಗ್ನೂ ಯೋಜನೆಯ ಉಪಕರಣಗಳು ಅದರ ಜೊತೆಗೂಡಿದವು. ನಾವು ಕಣ್ಣಿನಿಂದ ನೋಡುವ ಕಿಟಕಿಗಳು, ಚಿತ್ರಗಳು, ಗುಂಡಿಗಳು ಇರುವ ಭಾಗಕ್ಕೆ ಡೆಸ್ಕ್‌ಟಾಪ್ ಎನ್ನುತ್ತಾರೆ. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪ್‌ಗಳ ಕೆಲಸ ಆರಂಭವಾಯಿತು. ಇವನ್ನೆಲ್ಲ ಒಟ್ಟಿಗೆ ಕಟ್ಟಿ, ಯಾರು ಬೇಕಾದರೂ ಗಣಕಕ್ಕೆ ಹಾಕಿಕೊಳ್ಳುವಂತೆ ಕೊಡುವ ಸಂಚಿಕೆಗಳು ಹಲವಿವೆ. 2004ರಲ್ಲಿ ಬಂದ ಉಬುಂಟು ಅವುಗಳಲ್ಲಿ ಒಂದು.

ಲಿನಕ್ಸನ್ನು ಬರೆದ ಮೂಲಸೂಚನೆಗಳನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅದಕ್ಕೆ ಕನ್ನಡ ಸೇರಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಕೇರಳದ ಸರ್ಕಾರಿ ಶಾಲೆಗಳ ಗಣಕಗಳಲ್ಲಿ ಬಳಸುವುದು ಲಿನಕ್ಸನ್ನೇ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ.

ಅಕ್ಷರವಲ್ಲ, ಅಂಕಿ

ಗಣಕಕ್ಕೆ ಅ ಆ ಇ ಈ ಗೊತ್ತಿಲ್ಲ. ಎ ಬಿ ಸಿ ಡಿಯೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಬೇಕು. 1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಎಂಬ ಪಟ್ಟಿ ಸಿದ್ಧವಾಯಿತು. ಅದರಲ್ಲಿ ಇದ್ದದ್ದು 128 ಸ್ಥಾನಗಳು. ಇಂಗ್ಲಿಷಿನ ದೊಡ್ಡ ಎ ಅಕ್ಷರಕ್ಕೆ 65, ಬಿ ಅಕ್ಷರಕ್ಕೆ 66. ಅದರಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ.

ಹಾಗಾದರೆ ಮೊದಮೊದಲು ಗಣಕದಲ್ಲಿ ಕನ್ನಡ ಬರೆದದ್ದು ಹೇಗೆ? ಒಂದು ಉಪಾಯ ಮಾಡಿದ್ದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟುಕೊಂಡು, ಅವುಗಳ ಚಿತ್ರವನ್ನು ಮಾತ್ರ ಕನ್ನಡಕ್ಕೆ ಬದಲಾಯಿಸಿದ್ದರು. ವೇಷ ಕನ್ನಡದ್ದು, ಒಳಗೆ ಇಂಗ್ಲಿಷ್! ಆ ವೇಷ, ಅಂದರೆ ಆ ಫಾಂಟ್, ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಬಣ್ಣ ಬಯಲಾಗುತ್ತಿತ್ತು. ಹಳೆಯ ಕಡತವೊಂದನ್ನು ನಾವು ಲಿನಕ್ಸಿನಲ್ಲಿ ತೆರೆದೆವು. 'ಕನ್ನಡ' ಎಂದು ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಎಳೆದ ಎ, ಪೌಂಡ್ ಹಣದ ಗುರುತು ಸಾಲಾಗಿ ನಿಂತಿದ್ದವು. "ಇದೇನು ಸರ್, ಇಂಗ್ಲೆಂಡಿನ ಲೆಕ್ಕವೇ?" ಎಂದು ಒಬ್ಬ ಹುಡುಗ ಕೇಳಿದ.

ಈ ಗೊಂದಲಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಅದರ ಮೊದಲ ಆವೃತ್ತಿ ಪ್ರಕಟವಾದದ್ದೂ 1991ರಲ್ಲೇ. ಪ್ರಪಂಚದ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆಗಳು ಇದರಲ್ಲಿವೆ. ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ಮೀಸಲು. ಅ ಅಕ್ಷರಕ್ಕೆ 3205, ಕ ಅಕ್ಷರಕ್ಕೆ 3221. ತೆಲುಗಿನ ಕ ಅಕ್ಷರದ ಸಂಖ್ಯೆ 3093. ಅದಕ್ಕೆ 128 ಕೂಡಿಸಿ ನೋಡಿ, ಏನು ಬಂತು? ಭಾರತದ ಲಿಪಿಗಳ ವರ್ಣಮಾಲೆಯ ಕ್ರಮ ಬಹುಮಟ್ಟಿಗೆ ಒಂದೇ ಆದ್ದರಿಂದ ಪಟ್ಟಿಗಳನ್ನೂ ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ.

ಒತ್ತಕ್ಷರದ ಕಷ್ಟ

ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತ ಮಕ್ಕಳ ಹಾಗೆ. ಒಂದರ ಪಕ್ಕ ಇನ್ನೊಂದು. ನಮ್ಮ ಅಕ್ಷರಗಳು ಹಾಗಲ್ಲ, ಒಂದರ ಕೆಳಗೆ ಒಂದು ಕೂರುತ್ತವೆ, ಕೊಂಬು ಧರಿಸುತ್ತವೆ, ಸೇರಿ ಬೇರೆ ರೂಪವನ್ನೇ ತಾಳುತ್ತವೆ. ಕ್ಷ ಎಂಬುದಕ್ಕೆ ಯೂನಿಕೋಡಿನಲ್ಲಿ ಪ್ರತ್ಯೇಕ ಸಂಖ್ಯೆ ಇಲ್ಲ. ಗಣಕವು ಅದನ್ನು ಕ, ವಿರಾಮ ಚಿಹ್ನೆ, ಷ ಎಂದು ಮೂರು ಸಂಖ್ಯೆಗಳಾಗಿ ನೆನಪಿಡುತ್ತದೆ.

'ಸೂರ್ಯ' ಪದವನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಮಾತಿನಲ್ಲಿ ರ್ ಮೊದಲು, ಯ ಆಮೇಲೆ. ಬರೆಯುವಾಗ ಯ ಮೊದಲು, ಅರ್ಕಾವತ್ತು ಆಮೇಲೆ! ಗಣಕ ಯಾವ ಕ್ರಮ ಅನುಸರಿಸಬೇಕು? ನೆನಪಿಡುವುದು ಮಾತಿನ ಕ್ರಮದಲ್ಲಿ, ಪರದೆಯ ಮೇಲೆ ಚಿತ್ರಿಸುವುದು ಬರಹದ ಕ್ರಮದಲ್ಲಿ. ಈ ಅದಲುಬದಲು ಮಾಡಲೆಂದೇ ಲಿನಕ್ಸಿನಲ್ಲಿ ಹರ್ಫ್‌ಬಜ್ ಎಂಬ ತಂತ್ರಾಂಶವಿದೆ. ಹೆಸರು ಪರ್ಷಿಯನ್ ಭಾಷೆಯದು. ಅಲ್ಲಿ ಹರ್ಫ್ ಎಂದರೆ ಅಕ್ಷರ. ಇದೇ ತಂತ್ರಾಂಶ ಆಂಡ್ರಾಯ್ಡ್ ಮೊಬೈಲುಗಳಲ್ಲೂ ಕೆಲಸ ಮಾಡುತ್ತದೆ.

ಚಿತ್ರಿಸಲು ಫಾಂಟ್ ಕೂಡ ಬೇಕಷ್ಟೆ. ಕನ್ನಡದ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಬದಲು ಖಾಲಿ ಚೌಕಗಳು ಕಾಣುತ್ತವೆ. ಈ ಚೌಕಗಳಿಗೆ ಗಣಕ ಬಲ್ಲವರು ತಮಾಷೆಗೆ ಟೋಫು ಎನ್ನುತ್ತಾರೆ. ಟೋಫು ಎಂದರೆ ಸೋಯಾ ಹಾಲಿನಿಂದ ಮಾಡಿದ, ಪನೀರಿನಂಥ ತುಂಡು. ನೋಟೊ ಎಂಬ ಫಾಂಟಿನ ಹೆಸರು 'ಟೋಫು ಬೇಡ' ಎಂಬ ಅರ್ಥದಿಂದಲೇ ಬಂದದ್ದು. ಲೋಹಿತ್, ಗುಬ್ಬಿ, ನವಿಲು ಇವೂ ಲಿನಕ್ಸಿನಲ್ಲಿ ಸಿಗುವ ಕನ್ನಡ ಫಾಂಟುಗಳು. ನನಗಂತೂ ಹೆಸರಿಗಾಗಿಯೇ ಗುಬ್ಬಿ ಇಷ್ಟ.

ಪರದೆಯನ್ನು ಕನ್ನಡಕ್ಕೆ ತಿರುಗಿಸುವುದು

ಉಬುಂಟು ಇರುವ ಗಣಕದಲ್ಲಿ ಇದನ್ನು ಮಾಡಬಹುದು. ಗಣಕಕ್ಕೆ ಅಂತರಜಾಲದ ಸಂಪರ್ಕ ಇರಬೇಕು. ಬೇರೆ ವ್ಯವಸ್ಥೆ ಇರುವ ಗಣಕಕ್ಕೆ ಲಿನಕ್ಸ್ ಹಾಕುವಾಗ ಒಳಗಿರುವುದೆಲ್ಲ ಅಳಿದುಹೋಗುವ ಅಪಾಯವಿದೆ. ಆ ಕೆಲಸಕ್ಕೆ ನೀವಾಗಿಯೇ ಕೈ ಹಾಕಬೇಡಿ, ಬಲ್ಲವರನ್ನು ಕರೆಯಿರಿ. ಪೆನ್‌ಡ್ರೈವಿನಿಂದಲೇ ಉಬುಂಟುವನ್ನು ನಡೆಸಿ ನೋಡುವುದಕ್ಕೂ ಅವಕಾಶವಿದೆ.

ಮೊದಲು ಸೆಟ್ಟಿಂಗ್ಸ್ ತೆರೆಯಿರಿ. ಅದರಲ್ಲಿ ಸಿಸ್ಟಮ್, ಅದರೊಳಗೆ ರೀಜನ್ ಅಂಡ್ ಲ್ಯಾಂಗ್ವೇಜ್ ಎಂಬ ವಿಭಾಗವಿದೆ. ಹಳೆಯ ಆವೃತ್ತಿಗಳಲ್ಲಿ ಈ ವಿಭಾಗ ನೇರವಾಗಿಯೇ ಕಾಣುತ್ತದೆ. ಅಲ್ಲಿ ಮ್ಯಾನೇಜ್ ಇನ್‌ಸ್ಟಾಲ್ಡ್ ಲ್ಯಾಂಗ್ವೇಜಸ್ ಒತ್ತಿದರೆ ಭಾಷೆಗಳ ಪಟ್ಟಿ ಬರುತ್ತದೆ. ಹೊಸ ಭಾಷೆ ಸೇರಿಸುವ ಗುಂಡಿಯನ್ನು ಒತ್ತಿ, ಕನ್ನಡದ ಎದುರು ಗುರುತು ಹಾಕಿ, ಅಪ್ಲೈ ಒತ್ತಿ. ಆಗ ಗುಪ್ತಪದ ಕೇಳುತ್ತದೆ. ಅದನ್ನು ನಿಮ್ಮ ಶಿಕ್ಷಕರೇ ಕೊಡಬೇಕು. ಕನ್ನಡದ ಕಟ್ಟು ಇಳಿದ ಮೇಲೆ ಪಟ್ಟಿಯಲ್ಲಿ ಕನ್ನಡವನ್ನು ಮೌಸಿನಿಂದ ಹಿಡಿದು ಇಂಗ್ಲಿಷಿನ ಮೇಲಕ್ಕೆ ಎಳೆಯಿರಿ. ಲಾಗ್ ಔಟ್ ಮಾಡಿ ಮತ್ತೆ ಒಳಗೆ ಬನ್ನಿ.

ಆಗ ಗಣಕ ಒಂದು ಪ್ರಶ್ನೆ ಕೇಳುತ್ತದೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಕಡತಕೋಶಗಳ ಹೆಸರನ್ನೂ ಬದಲಿಸಲೇ ಎಂದು. ಹಳೆಯ ಹೆಸರೇ ಇರಲಿ ಎಂದು ಹೇಳುವುದು ಒಳ್ಳೆಯದು. ಮುಂದೆ ಆ ಗಣಕವನ್ನು ದುರಸ್ತಿ ಮಾಡುವವರು ಆ ಹೆಸರುಗಳನ್ನು ಇಂಗ್ಲಿಷಿನಲ್ಲಿಯೇ ಹುಡುಕುತ್ತಾರೆ.

ಈಗ ಪರದೆಯ ಮೇಲೆ ಕನ್ನಡ ಕಾಣುತ್ತದೆ. ಆದರೆ ಎಲ್ಲೆಡೆಯೂ ಅಲ್ಲ. ಕೆಲವು ಕಡೆ ಇಂಗ್ಲಿಷ್ ಹಾಗೆಯೇ ಉಳಿದಿರುತ್ತದೆ. ಅದು ನಿಮ್ಮ ತಪ್ಪಲ್ಲ. ಕಾರಣ ಮುಂದೆ ಹೇಳುತ್ತೇನೆ.

ಬೆರಳುಗಳಿಗೂ ಪಾಠ

ಓದಲು ಕನ್ನಡ ಬಂತು, ಬರೆಯುವುದು ಹೇಗೆ? ಕೀಲಿಮಣೆಯ ಜೋಡಣೆಗಳಲ್ಲಿ ಎರಡು ಹೆಚ್ಚು ಬಳಕೆಯಲ್ಲಿವೆ. ಒಂದು, ಭಾರತ ಸರ್ಕಾರ 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್. ಇದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಇದನ್ನು ಕಲಿತವರಿಗೆ ತೆಲುಗು, ಹಿಂದಿ ಟೈಪ್ ಮಾಡುವುದೂ ಸುಲಭ, ಏಕೆಂದರೆ ಕ ಇರುವ ಜಾಗ ಎಲ್ಲದರಲ್ಲೂ ಒಂದೇ. ಇನ್ನೊಂದು, ಕೆ. ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಒಪ್ಪಿದ ಜೋಡಣೆ. ಇದರಲ್ಲಿ ಇಂಗ್ಲಿಷಿನ ಕೆ ಕೀಲಿ ಒತ್ತಿದರೆ ಕ, ಎನ್ ಒತ್ತಿದರೆ ನ. ಒತ್ತು ಬೇಕಾದಾಗ ನಡುವೆ ಎಫ್ ಒತ್ತಬೇಕು. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ. ಡ ಅಕ್ಷರಕ್ಕೆ ಡಬ್ಲ್ಯೂ ಏಕೆ? ಇಂಗ್ಲಿಷಿನ ಡಿ ಕೀಲಿಯನ್ನು ದ ಆಗಲೇ ಹಿಡಿದುಕೊಂಡಿದೆ!

ಸೆಟ್ಟಿಂಗ್ಸ್‌ನ ಕೀಲಿಮಣೆ ವಿಭಾಗದಲ್ಲಿ ಕೂಡಿಸು ಗುರುತನ್ನು ಒತ್ತಿ ಕನ್ನಡವನ್ನು ಸೇರಿಸಬಹುದು. ಎರಡನೆಯ ಜೋಡಣೆ ಬೇಕಾದರೆ ಐಬಸ್-ಎಂ17ಎನ್ ಎಂಬ ಕಟ್ಟನ್ನು ಹಾಕಿಕೊಂಡು ಕೆಜಿಪಿ ಎಂಬುದನ್ನು ಆರಿಸಬೇಕು. (ಎಂ17ಎನ್ ಎಂದರೇನು ಗೊತ್ತೇ? 'ಬಹುಭಾಷೀಕರಣ' ಎಂಬರ್ಥದ ಇಂಗ್ಲಿಷ್ ಪದದಲ್ಲಿ ಮೊದಲ ಎಂ ಮತ್ತು ಕೊನೆಯ ಎನ್ ನಡುವೆ 17 ಅಕ್ಷರಗಳಿವೆ. ಅಷ್ಟುದ್ದ ಬರೆಯಲು ಬೇಸರವಾಗಿ ಹೀಗೆ ಮಾಡಿದ್ದಾರೆ.) ಸೂಪರ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೂ, ಮತ್ತೆ ಒತ್ತಿದರೆ ಇಂಗ್ಲಿಷಿಗೂ ಹೋಗಬಹುದು. ಪಟ್ಟಿಯಲ್ಲಿ ಇಂಗ್ಲಿಷ್ ಮೊದಲು ಇರಲಿ. ಕೀಲಿಮಣೆ ಕನ್ನಡದಲ್ಲಿದ್ದಾಗ ಇಂಗ್ಲಿಷಿನ ಗುಪ್ತಪದ ಒತ್ತಿದರೆ ಗಣಕ ಬಾಗಿಲನ್ನೇ ತೆರೆಯುವುದಿಲ್ಲ.

ಪದಗಳನ್ನು ಕೊಟ್ಟವರು ಯಾರು?

ಪರದೆಯ ಕನ್ನಡ ಪದಗಳನ್ನು ಯಂತ್ರ ತಾನಾಗಿ ಹುಟ್ಟಿಸಿದ್ದಲ್ಲ. ಪ್ರತಿ ತಂತ್ರಾಂಶಕ್ಕೂ ಒಂದು ಉದ್ದನೆಯ ಪಟ್ಟಿ ಇರುತ್ತದೆ. ಒಂದು ಸಾಲಿನಲ್ಲಿ ಇಂಗ್ಲಿಷ್ ಮಾತು, ಅದರ ಕೆಳಗೆ ಖಾಲಿ ಜಾಗ. ಆ ಖಾಲಿ ಜಾಗವನ್ನು ಕನ್ನಡ ಬಲ್ಲವರು, ಹಲವರು ಬಿಡುವಿನ ವೇಳೆಯಲ್ಲಿ, ತುಂಬುತ್ತಾ ಬಂದಿದ್ದಾರೆ. ತುಂಬದೆ ಉಳಿದ ಕಡೆ ಇಂಗ್ಲಿಷ್ ಕಾಣುತ್ತದೆ. ಹೊಸ ಆವೃತ್ತಿ ಬಂದಾಗಲೆಲ್ಲ ಹೊಸ ಸಾಲುಗಳು ಸೇರುತ್ತವೆ. ತುಂಬುವವರು ಕಡಿಮೆಯಾದರೆ ಕನ್ನಡ ಹಿಂದೆ ಬೀಳುತ್ತದೆ.

ಇದು ಸುಲಭದ ಕೆಲಸವೆಂದು ತಿಳಿಯಬೇಡಿ. ಕಡತವೊಂದರ ಹೆಸರು ಹೇಳಿ, ಅದ'ನ್ನು' ತೆರೆಯಲೇ ಎಂದು ಗಣಕ ಕೇಳಬೇಕು ಎನ್ನಿ. ಹೆಸರು 'ಪಟ್ಟಿ' ಎಂದಿದ್ದರೆ ಪಟ್ಟಿಯನ್ನು, 'ಚಿತ್ರ' ಎಂದಿದ್ದರೆ ಚಿತ್ರವನ್ನು, 'ಹಾಡು' ಎಂದಿದ್ದರೆ ಹಾಡನ್ನು. ನಿಮ್ಮ ವ್ಯಾಕರಣ ಪಾಠದ ಯಕಾರಾಗಮ, ವಕಾರಾಗಮ, ಲೋಪ ಸಂಧಿಗಳೇ ಇವು. ನೀವು ಇಡುವ ಹೆಸರು ಅನುವಾದ ಮಾಡುವವರಿಗೆ ಮೊದಲೇ ಹೇಗೆ ತಿಳಿಯಬೇಕು? ಅದಕ್ಕೇ ಪರದೆಯ ಮೇಲೆ 'ಚಿತ್ರ ಅನ್ನು' ಎಂಬಂಥ ಬಿಡಿಬಿಡಿ ಕನ್ನಡ ಕಾಣುತ್ತದೆ. ಇಂಗ್ಲಿಷಿಗೆ ಈ ತೊಡಕಿಲ್ಲ.

ಇನ್ನೊಂದು ತೊಡಕನ್ನು ನಮ್ಮ ತರಗತಿಯೇ ಕಂಡುಹಿಡಿಯಿತು. ಸೇವ್ ಎಂಬುದಕ್ಕೆ ಕನ್ನಡದಲ್ಲಿ 'ಉಳಿಸು'. ಡಿಲೀಟ್ ಎಂಬುದಕ್ಕೆ 'ಅಳಿಸು'. ಎರಡನ್ನೂ ಮತ್ತೊಮ್ಮೆ ಓದಿ. ಮೊದಲಕ್ಷರ ಮಾತ್ರ ಬೇರೆ, ಅರ್ಥ ಪೂರ್ತಿ ವಿರುದ್ಧ! ಹಕ್ಕಿಗಳ ಪಾಠ ಕಳೆದುಕೊಂಡಿದ್ದ ಹುಡುಗಿ ಮತ್ತೆ ಬರೆಯಲು ಕುಳಿತಾಗ ಮೌಸನ್ನು ಹಿಡಿದು ಈ ಪದಗಳ ಮುಂದೆ ಬಹಳ ಹೊತ್ತು ನೋಡುತ್ತಿದ್ದಳು. "ಅಳಿಸು ಬದಲು 'ತೆಗೆದುಹಾಕು' ಅಂತ ಇದ್ದರೆ ಆಗುತ್ತಿರಲಿಲ್ಲವೇ ಸರ್?" ಎಂದಳು. ಆಗುತ್ತಿತ್ತು. ಅಂಥ ಸಲಹೆಯನ್ನು ಅನುವಾದಕರ ತಂಡಕ್ಕೆ ಯಾರು ಬೇಕಾದರೂ ಕಳಿಸಬಹುದು.

ಮಾಡಿ ನೋಡಿ

ಉಬುಂಟುವಿನ ಪಠ್ಯ ಸಂಪಾದಕವನ್ನು ತೆರೆಯಿರಿ. ಕೀಲಿಮಣೆ ಇಂಗ್ಲಿಷಿನಲ್ಲೇ ಇರಲಿ. ಕಂಟ್ರೋಲ್ ಮತ್ತು ಶಿಫ್ಟ್ ಕೀಲಿಗಳನ್ನು ಹಿಡಿದು ಯು ಒತ್ತಿ ಬಿಡಿ. ಆಮೇಲೆ ಸೊನ್ನೆ, ಸಿ, ಒಂಬತ್ತು, ಐದು ಒತ್ತಿ ಸ್ಪೇಸ್ ಒತ್ತಿ. ಕ ಮೂಡುತ್ತದೆ. ಇದು 3221 ಎಂಬ ಸಂಖ್ಯೆಯನ್ನೇ ಹದಿನಾರರ ಎಣಿಕೆಯಲ್ಲಿ ಬರೆದ ಬಗೆ. ಇದೇ ರೀತಿ ಸೊನ್ನೆ, ಸಿ, ಸಿ, ಡಿ ಒತ್ತಿದರೆ ವಿರಾಮ ಚಿಹ್ನೆ ಬಂದು ಕ ಎಂಬುದು ಕ್ ಆಗುತ್ತದೆ. ಕೊನೆಗೆ ಸೊನ್ನೆ, ಸಿ, ಬಿ, ಏಳು ಒತ್ತಿ. ಷ ಬಂದು ಸೇರಿದ ಕ್ಷಣದಲ್ಲಿ ಮೂರೂ ಕೂಡಿ ಏನಾಯಿತೆಂದು ಕಣ್ಣಿಟ್ಟು ನೋಡಿ. ಈಗ ಬ್ಯಾಕ್‌ಸ್ಪೇಸ್ ಕೀಲಿಯನ್ನು ಒಂದೇ ಬಾರಿ ಒತ್ತಿ. ಇಡೀ ಕ್ಷ ಹೋಯಿತೇ, ಅಥವಾ ಅದರ ಒಂದು ಭಾಗ ಮಾತ್ರ ಹೋಯಿತೇ? ನಿಮ್ಮ ಹೆಸರನ್ನು ಗಣಕವು ಎಷ್ಟು ಸಂಖ್ಯೆಗಳಾಗಿ ನೆನಪಿಡುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ಹೆಸರನ್ನು ಟೈಪ್ ಮಾಡಿ ಬ್ಯಾಕ್‌ಸ್ಪೇಸ್ ಒತ್ತುತ್ತಾ ಎಣಿಸಿ.