ಅನುಭವ ಪತ್ರ ಮತ್ತು ವೃತ್ತಿ ಸಂಕೇತ

ಶಿರಾ ಗೇಟ್‌ನ ಲೇತ್ ಕೆಲಸಗಾರನೊಬ್ಬನು ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವಲಸೆ ಯೋಜನೆಗೆ ಅರ್ಜಿ ಸಲ್ಲಿಸಲು ಮಾಲೀಕರಿಂದ ಅನುಭವ ಪತ್ರ ಕೋರಿದನೆಂದು ಭಾವಿಸಬಹುದು. ಆ ಯೋಜನೆಯಲ್ಲಿ 2022ರ ನವೆಂಬರ್ 16ರಿಂದ ಹೊಸ ವೃತ್ತಿ ವರ್ಗೀಕರಣವು ಬಳಕೆಗೆ ಬಂದಿತು. ಅದರನ್ವಯ ನಕ್ಷೆ ಓದಿ, ಯಂತ್ರ ಹೊಂದಿಸಿ, ಅಳತೆ ಪರೀಕ್ಷಿಸುವ ಮೆಷಿನಿಸ್ಟ್‌ನ ಸಂಕೇತ 72100. ಒಂದೇ ಬಗೆಯ ಕೆಲಸವನ್ನು ಪುನಃಪುನಃ ಮಾಡುವ ಲೋಹ ಕತ್ತರಿಸುವ ಯಂತ್ರವನ್ನು ನಡೆಸುವವನದು 94106. ಮೊದಲನೆಯದು ಕುಶಲ ಅನುಭವವೆಂದು ಪರಿಗಣಿತವಾಗುತ್ತದೆ, ಎರಡನೆಯದು ಆಗುವುದಿಲ್ಲ.

ಸಂಕೇತವನ್ನು ನಿರ್ಧರಿಸುವುದು ಹುದ್ದೆಯ ಹೆಸರಲ್ಲ, ನಿತ್ಯದ ಕೆಲಸ. ಆದ್ದರಿಂದ ಮಾಲೀಕರು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ವಾಸ್ತವ ಕರ್ತವ್ಯಗಳು, ಸೇವಾವಧಿ, ವಾರದ ಕೆಲಸದ ಗಂಟೆಗಳು ಹಾಗೂ ವೇತನವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಉಪಕಾರವೆಂದು ಸೇರಿಸಿದ ಅಸತ್ಯವು ಅರ್ಜಿದಾರನಿಗೆ ಐದು ವರ್ಷಗಳ ಪ್ರವೇಶ ನಿಷೇಧವನ್ನೇ ತಂದೊಡ್ಡಬಲ್ಲದು.