ಪಗಡೆಯಾಟವೂ ನಾನೂ

"ಪಗಡೆಯಾಡುವವನು" ಎಂಬ ಮಾತು ನಮ್ಮೂರಿನಲ್ಲಿ ಬೈಗುಳಕ್ಕೆ ಸಮಾನವಾದುದು. ಮನೆಹಾಳ, ಕೆಲಸಗೇಡಿ ಎಂಬ ಅರ್ಥಗಳೆಲ್ಲ ಅದರಲ್ಲಿ ಅಡಗಿವೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಹೀಗಿರಲು, ಹಾಸ್ಟೆಲಿನ ಅಡಿಗೆಯವರೊಬ್ಬರಿಂದ ಪಗಡೆ ಕಲಿತೆನೆಂದು ಮನೆಯಲ್ಲಿ ಹೇಳುವುದೆಂತು? ಎರಡು ವರ್ಷ ಹಾಸನ್ನೂ ದಾಳಗಳನ್ನೂ ಟ್ರಂಕಿನಲ್ಲಿ ಪಂಚೆಗಳ ಕೆಳಗೆ ಬಚ್ಚಿಟ್ಟಿದ್ದೆನು.

ಈ ಅಪಕೀರ್ತಿ ಎಲ್ಲಿಂದ ಬಂದಿತು? ಧರ್ಮರಾಯನ ಕಥೆಯನ್ನು ಎಲ್ಲರೂ ಬಲ್ಲರು. ಋಗ್ವೇದದ 10ನೆಯ ಮಂಡಲದ 34ನೆಯ ಸೂಕ್ತದಲ್ಲಿಯೂ ಜೂಜುಗಾರನೊಬ್ಬನು, ಹೆಂಡತಿ ದೂರ ಮಾಡಿದಳು, ಅತ್ತೆ ದ್ವೇಷಿಸುತ್ತಾಳೆ ಎಂದು ಗೋಳಿಡುತ್ತಾನೆ. ಆದರೆ ಅವನು ಎಸೆದದ್ದು ತಾರೆಕಾಯಿಗಳನ್ನು. ಪಗಡೆಯ ಹಾಸಿನ ಮಾತೇ ಅಲ್ಲಿಲ್ಲ. ಕೆಡಿಸಿದ್ದು ಪಣ, ಕಳಂಕ ಹತ್ತಿದ್ದು ಆಟಕ್ಕೆ.

ಆಟವನ್ನೇ ನೋಡೋಣ. ಹಾಸಿಗೆ 4 ತೋಳುಗಳು, ತೋಳಿಗೆ 3 ಸಾಲು, ಸಾಲಿಗೆ 8 ಮನೆ, ಒಟ್ಟು 96. ಒಂದೇ ಮನೆಯಲ್ಲಿ ಜೋಡಿಯಾಗಿ ನಿಂತ ಕಾಯಿಗಳನ್ನು ಒಂಟಿ ಕಾಯಿ ಹೊಡೆಯಲಾರದು. ನನ್ನಲ್ಲಿರುವ ಎರಡು ಉದ್ದ ದಾಳಗಳ ಮುಖಗಳು 1, 3, 4, 6. ಎರಡೂ ಸೇರಿ 16 ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ 4 ಬಗೆಯಲ್ಲಿ ಮೊತ್ತ 7 ಆಗುವುದು; 12 ಆಗುವುದು ಒಂದೇ ಬಗೆಯಲ್ಲಿ; 11 ಎಂದಿಗೂ ಬೀಳದು. ಆದುದರಿಂದ ಎದುರಾಳಿಯ ಕಾಯಿಗೆ 7 ಮನೆ ಮುಂದೆ ಒಂಟಿಯಾಗಿ ನಿಂತವನು ಮೂಢನು. 11 ಮನೆ ಮುಂದೆ ನಿಂತವನು ಆ ಒಂದು ಎಸೆತದ ಮಟ್ಟಿಗೆ ನಿಶ್ಚಿಂತನು. ಸಂಭವನೀಯತೆಯ ಪಾಠ ನನ್ನ ತಲೆಗೆ ಹತ್ತಿದ್ದು ಈ ಹಾಸಿನ ಮೇಲೆಯೇ. ಅಧ್ಯಾಪಕರು ಕ್ಷಮಿಸಬೇಕು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂತಹ ಆಟಗಳನ್ನು ಬಚ್ಚಿಡಲಿಲ್ಲ. ತಾವೇ ಹೊಸ ಆಟಗಳನ್ನು ರಚಿಸಿದರು. 'ಶ್ರೀತತ್ತ್ವನಿಧಿ'ಯಲ್ಲಿ ಕೌತುಕನಿಧಿಯೆಂಬ ಭಾಗವನ್ನು ಆಟಗಳಿಗೆ ಮೀಸಲಿಟ್ಟರು. ಅರಸರು ಆಡಿದರೆ ವಿನೋದ, ಬಡವನ ಮಗ ಆಡಿದರೆ ದುರಭ್ಯಾಸವೇ?

ಆದರೂ ನಮ್ಮ ತಂದೆಯವರ ಭಯ ನಿಷ್ಕಾರಣವಾದುದಲ್ಲ. ದೊಡ್ಡಪ್ಪನವರು ಒಮ್ಮೆ ಜಾತ್ರೆಯಲ್ಲಿ ಪಣಕ್ಕೆ ಕುಳಿತು ಉಳುವ ಎತ್ತುಗಳನ್ನು ಸೋತಿದ್ದರು. ಅಂದಿನಿಂದ ನಮ್ಮ ಮನೆಗೆ ಕವಡೆಗೂ ಪ್ರವೇಶವಿಲ್ಲ. ಕಳೆದ ಶಿವರಾತ್ರಿಯ ಜಾಗರಣೆಗೆ ಊರಿಗೆ ಹೋದಾಗ, ಗಟ್ಟಿ ಮನಸ್ಸು ಮಾಡಿ ಅವರ ಎದುರಿನಲ್ಲಿಯೇ ಹಾಸು ಬಿಚ್ಚಿದೆನು.

"ಎರಡು ವರ್ಷದಿಂದ ಆಡ್ತಾ ಇದೀನಿ ಅಪ್ಪಾ. ಪಣ ಇಲ್ಲ" ಎಂದೆನು.

ಅವರು ಉತ್ತರ ಕೊಡಲಿಲ್ಲ. ಎದ್ದು ಹೋಗಲೂ ಇಲ್ಲ. ನಾನು ತಂಗಿಗೆ ಆಟ ಕಲಿಸುತ್ತಿದ್ದುದನ್ನು ಕಂಬಕ್ಕೆ ಒರಗಿ ನೋಡುತ್ತಿದ್ದರು. ಮೂರನೆಯ ಜಾವವಿರಬಹುದು, ನಾನು ಒಂದು ಕಾಯಿಯನ್ನು ಎತ್ತಿದೆನು.

"ಅದನ್ನ ಎತ್ತಬ್ಯಾಡ, ಜೋಡಿ ಒಡೀತದೆ" ಎಂದರು ಅಪ್ಪ.

ಅವರಿಗೆ ಪಗಡೆ ಬರುತ್ತದೆಂಬುದು ನನಗೆ ತಿಳಿದದ್ದು ಅಂದೇ.